ಮಂಗಳವಾರದ ಸಭೆಗೆ ಬಂದವರಿಗೆಲ್ಲ ವಂದನೆಗಳು

ಊರಿನ ಎಲ್ಲ ಬಾಂಧವರಿಗೂ, ಕ್ಲಬ್ಬಿನ ಸದಸ್ಯ ಮಿತ್ರರಿಗೂ, ಅವರ ಮನೆಯವರಿಗೂ ನಮಸ್ಕಾರಗಳು.

ರೋಟರಿಯ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಮಲೆನಾಡಿನ ಈ ತಾಲ್ಲೂಕು ಕೇಂದ್ರದ ರೋಟರಿ ಕ್ಲಬ್ಬಿಗೆ 2020–21ನೇ ಸಾಲಿನ ಅಧ್ಯಕ್ಷನಾಗಿ ನೀವು ನನಗೆ ವಹಿಸಿದ್ದ ಹೊಣೆ ಕಳೆದ ಬುಧವಾರ ಮುಗಿಯಿತು. ಕೋವಿಡ್‌ನಿಂದಾಗಿ ಪದಗ್ರಹಣ ಸಮಾರಂಭವನ್ನು ಈ ಬಾರಿಯೂ ಸರಳವಾಗಿ ನಡೆಸಬೇಕಾದ್ದರಿಂದ ವೇದಿಕೆಯ ಮೇಲೆ ನಿಂತು ಹೇಳಬೇಕಾಗಿದ್ದ ಮಾತುಗಳು ಉಳಿದುಹೋದವು. ಈ ವರ್ಷ ನಮ್ಮ ಜೊತೆ ನಿಂತವರಲ್ಲಿ ಅನೇಕರು ಕ್ಲಬ್ಬಿನ ಸದಸ್ಯರೇ ಅಲ್ಲದ ಕಾರಣ, ಅವರಿಗೂ ತಲುಪಲಿ ಎಂದು ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ. ಹಾಗೆ ಬರೆಯಬಾರದೆಂದು ದುಡಿದವರೇ ಕೇಳಿಕೊಂಡಿದ್ದಾರೆ.

ಎಲ್ಲಕ್ಕಿಂತ ಮೊದಲು ನಾನು ವಂದಿಸಬೇಕಾದದ್ದು ನಮ್ಮ ಮಂಗಳವಾರದ ಸಭೆಗೆ, ಅಂದರೆ ಆ ಸಭೆಯನ್ನು ಒಂದು ವಾರವೂ ತಪ್ಪದಂತೆ ನಡೆಸಿಕೊಂಡು ಬಂದವರಿಗೆ. ಹೊರಗಿನಿಂದ ನೋಡುವವರಿಗೆ ಆ ಸಭೆ ಬರಿಯ ಶಿಷ್ಟಾಚಾರವಾಗಿ ಕಾಣಬಹುದು. ಅಧ್ಯಕ್ಷರು ಘಂಟೆ ಬಾರಿಸುತ್ತಾರೆ, ಪ್ರಾರ್ಥನೆಯಾಗುತ್ತದೆ, ನಡೆನುಡಿಯನ್ನು ಅಳೆದುಕೊಳ್ಳಲು ರೋಟರಿ ಬಳಸುವ ಚತುರ್ವಿಧ ಪರೀಕ್ಷೆಯ ನಾಲ್ಕು ಪ್ರಶ್ನೆಗಳನ್ನು ಎಲ್ಲರೂ ಎದ್ದು ನಿಂತು ಓದುತ್ತಾರೆ, ಕಾರ್ಯದರ್ಶಿ ವಾರದ ವರದಿ ಒಪ್ಪಿಸುತ್ತಾರೆ, ಆ ವಾರ ಹುಟ್ಟುಹಬ್ಬವೋ ವಿವಾಹ ವಾರ್ಷಿಕೋತ್ಸವವೋ ಇದ್ದವರಿಗೆ ಹೂವು ಕೊಡುತ್ತಾರೆ, ಅತಿಥಿಯ ಮಾತು, ವಂದನಾರ್ಪಣೆ, ಕೊನೆಗೆ ಅವಲಕ್ಕಿ ಮತ್ತು ಕಾಫಿ. ಇಷ್ಟಕ್ಕೆ ವಾರ ವಾರ ಏಕೆ ಸೇರಬೇಕು, ಸೇವೆ ಮಾಡುವ ಮನಸ್ಸಿದ್ದರೆ ಹಾಗೆಯೇ ಮಾಡಬಹುದಲ್ಲ ಎಂದು ಕೇಳಿದವರಿದ್ದಾರೆ. ಈ ಒಂದು ವರ್ಷ ಅದಕ್ಕೆ ಕೊಟ್ಟ ಉತ್ತರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಮೊದಲ ಸಭೆ ನಡೆಸಿದಾಗ ಆ ಮೂವರಲ್ಲಿ ಒಬ್ಬರು ಕಲ್ಲಿದ್ದಲ ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಮತ್ತೊಬ್ಬರು ಬಟ್ಟೆ ಹೊಲಿಸಿ ಮಾರುವವರು. ಸಭೆ ಒಂದು ವಾರ ಒಬ್ಬರ ಕಚೇರಿಯಲ್ಲಿ, ಮುಂದಿನ ಸಲ ಇನ್ನೊಬ್ಬರ ಕಚೇರಿಯಲ್ಲಿ, ಹೀಗೆ ಸರದಿಯಂತೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಒಂದು ವೃತ್ತಿಗೆ ಒಬ್ಬರಂತೆ ಸದಸ್ಯರನ್ನು ತೆಗೆದುಕೊಳ್ಳುವುದು ಆಗಿನ ನಿಯಮವಾಗಿತ್ತು. ಆ ನಿಯಮ ಕಾಲಕ್ರಮದಲ್ಲಿ ಸಡಿಲಗೊಂಡರೂ ಅದರ ಫಲ ನಮ್ಮಂಥ ಸಣ್ಣ ಊರಿನ ಕ್ಲಬ್ಬುಗಳಲ್ಲಿ ಹಾಗೆಯೇ ಉಳಿದಿದೆ. ನಮ್ಮ ಸಭೆಯ ಒಂದೇ ಸಾಲಿನಲ್ಲಿ ವೈದ್ಯರು, ಅಡಿಕೆ ಮಂಡಿಯವರು, ವಿದ್ಯುತ್ ಗುತ್ತಿಗೆದಾರರು, ಪ್ರೌಢಶಾಲೆಯ ಮೇಡಂ, ಬ್ಯಾಂಕ್ ಮ್ಯಾನೇಜರ್, ಬಾಡಿಗೆ ವಾಹನಗಳನ್ನು ಇಟ್ಟುಕೊಂಡವರು, ಔಷಧ ಅಂಗಡಿಯವನಾದ ನಾನು, ಎಲ್ಲರೂ ಕುಳಿತಿರುತ್ತೇವೆ. ವರ್ಷಗಟ್ಟಲೆ ಹೀಗೆ ಕುಳಿತವರಿಗೆ ಯಾವ ಕೆಲಸಕ್ಕೆ ಯಾರ ಕೈ ಹತ್ತುತ್ತದೆ, ನಡುರಾತ್ರಿ ಯಾರ ಮನೆಯ ಬಾಗಿಲು ಬಡಿಯಬಹುದು ಎಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಕಷ್ಟ ಬಂದ ಮೇಲೆ ಪರಿಚಯ ಮಾಡಿಕೊಳ್ಳುವಷ್ಟು ಸಮಯ ಈ ವರ್ಷ ನಮಗೆ ಸಿಕ್ಕಿರಲಿಲ್ಲ.

ನಾನು ಅಧಿಕಾರ ವಹಿಸಿಕೊಂಡಾಗ ರೋಟರಿ ಹಾಲಿಗೆ ಬೀಗ ಬಿದ್ದಿತ್ತು. ಸಭೆಗಳು ಮೊಬೈಲಿನ ಪರದೆಗೆ ಬಂದವು. ಪೇಟೆಯಲ್ಲಿರುವವರಿಗೆ ಇದು ತೊಂದರೆಯಾಗಲಿಲ್ಲ. ಆದರೆ ನಮ್ಮ ಸದಸ್ಯರಲ್ಲಿ ಕೆಲವರ ತೋಟಗಳು ಇರುವ ಕಡೆ ನೆಟ್‌ವರ್ಕ್ ಎಂಬುದು ಗುಡ್ಡ ಹತ್ತಿದವರಿಗೆ ಮಾತ್ರ ಸಿಗುವ ವಸ್ತು. ಅಡಿಕೆ ಬೆಳೆಗಾರರಾದ ನಮ್ಮ ಹಿರಿಯ ಸದಸ್ಯರೊಬ್ಬರು ಆಷಾಢದ ಮಳೆಯಲ್ಲಿ ತೋಟದ ಹಿಂದಿನ ಗುಡ್ಡ ಹತ್ತಿ, ಬಂಡೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಕುಳಿತು, ಕೊಡೆಯ ಕಾವನ್ನು ಕತ್ತಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಸಭೆಗೆ ಹಾಜರಾಗುತ್ತಿದ್ದರು. ಅವರ ಕಡೆಯಿಂದ ನಮಗೆ ಕೇಳುತ್ತಿದ್ದುದು ಹೆಚ್ಚಾಗಿ ಮಳೆಯ ಸದ್ದೇ. ಆದರೂ ಹಾಜರಿ ಕರೆದಾಗ ಅವರು ಇಲ್ಲದ ವಾರ ಒಂದೂ ನನಗೆ ನೆನಪಿಲ್ಲ. ಅವರನ್ನು ನೋಡಿದ ಮೇಲೆ ಉಳಿದವರಿಗೆ ಗೈರುಹಾಜರಾಗಲು ಮನಸ್ಸು ಬರುತ್ತಿರಲಿಲ್ಲ. ಸಾರ್, ನಿಮಗೆ ನನ್ನ ಮೊದಲ ನಮಸ್ಕಾರ.

ರಕ್ತದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವರ್ಷ ಕಾಣದೆ ನಡೆದ ದೊಡ್ಡ ಕೆಲಸ ಅದು. ನಮ್ಮ ತಾಲ್ಲೂಕಿನಿಂದ ಶಿವಮೊಗ್ಗದ ರಕ್ತನಿಧಿಗೆ ಹೋಗುತ್ತಿದ್ದ ರಕ್ತದಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳದು. ಕಾಲೇಜುಗಳು ಮುಚ್ಚಿದೊಡನೆ ಶಿಬಿರಗಳೂ ನಿಂತವು. ಆದರೆ ಥಲಸ್ಸೇಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಹೆರಿಗೆಗಳು ನಿಲ್ಲುವುದಿಲ್ಲ, ಕೆಂಪು ರಕ್ತಕಣಗಳನ್ನು ಐದಾರು ವಾರಗಳಿಗಿಂತ ಹೆಚ್ಚು ಕಾಲ ಕೂಡಿಡಲೂ ಬರುವುದಿಲ್ಲ. ಅದರ ಮೇಲೆ, ಕೋವಿಡ್ ಲಸಿಕೆ ಹಾಕಿಸಿಕೊಂಡವರು ಕೊನೆಯ ಡೋಸಿನ ನಂತರ 28 ದಿನ ರಕ್ತ ಕೊಡಬಾರದೆಂಬ ಸೂಚನೆ ಮಾರ್ಚ್‌ನಲ್ಲಿ ಬಂತು. ಮುಂದೆ ಮೇ ತಿಂಗಳಲ್ಲಿ ಅದನ್ನು 14 ದಿನಕ್ಕೆ ಇಳಿಸಿದರೂ, 18 ದಾಟಿದವರಿಗೆಲ್ಲ ಲಸಿಕೆ ಎಂದು ಏಪ್ರಿಲ್‌ನಲ್ಲೇ ಘೋಷಿಸಿದಾಗ ರಕ್ತ ಕೊಡಬಲ್ಲ ಹುಡುಗರು ಹುಡುಗಿಯರೆಲ್ಲ ಒಟ್ಟಿಗೇ ಪಟ್ಟಿಯಿಂದ ಹೊರಹೋಗುವ ಸಂದರ್ಭ ಎದುರಾಯಿತು. ಇದನ್ನು ಏಪ್ರಿಲ್‌ನ ಒಂದು ಮಂಗಳವಾರ ಸಭೆಯ ಗಮನಕ್ಕೆ ತಂದವರು ನಮ್ಮ ವೈದ್ಯ ಸದಸ್ಯರು. ರೋಟರ್‍ಯಾಕ್ಟ್ ಎಂಬ ರೋಟರಿಯ ಯುವ ಘಟಕದ ಯುವಕ ಯುವತಿಯರು ಅಂದಿನ ರಾತ್ರಿಯೇ ರಕ್ತದ ಗುಂಪಿನ ಪ್ರಕಾರ ಪಟ್ಟಿ ಹಂಚಿಕೊಂಡು, ಮೊದಲು ರಕ್ತ ಕೊಟ್ಟು ಆಮೇಲೆ ಲಸಿಕೆ ಹಾಕಿಸಿಕೊಳ್ಳಿ ಎಂದು ಒಬ್ಬೊಬ್ಬರಿಗೂ ಫೋನು ಮಾಡತೊಡಗಿದರು. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಡುವು ಕೊಡಬೇಕಾದ್ದರಿಂದ ಪಟ್ಟಿಯನ್ನು ಕರಗಿಸದೆ ಉಳಿಸಿಕೊಳ್ಳುವ ಲೆಕ್ಕಾಚಾರವನ್ನೂ ಆ ಮಕ್ಕಳೇ ಮಾಡಿದರು. ಪಾಸ್ ಪಡೆದ ವಾಹನದಲ್ಲಿ ಅವರನ್ನು ಶಿವಮೊಗ್ಗಕ್ಕೆ ಕರೆದೊಯ್ದು ಮನೆಗೆ ಬಿಟ್ಟ ನಮ್ಮ ವಾಹನ ಮಾಲೀಕ ಸದಸ್ಯರು ಡೀಸೆಲ್ಲಿನ ದುಡ್ಡನ್ನು ಕ್ಲಬ್ಬಿನಿಂದ ತೆಗೆದುಕೊಳ್ಳಲಿಲ್ಲ. ಮಗನನ್ನೋ ಮಗಳನ್ನೋ ಆ ದಿನಗಳಲ್ಲಿ ಆಸ್ಪತ್ರೆಯ ಆವರಣಕ್ಕೆ ಕಳಿಸಲು ಒಪ್ಪಿದ ತಂದೆತಾಯಂದಿರಿಗೆ ಹೇಗೆ ಧನ್ಯವಾದ ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ನೀವು ದೊಡ್ಡವರು.

ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಬಿಗಿ ನಿರ್ಬಂಧಗಳು ಬಂದಾಗ ಆಮ್ಲಜನಕದ ಹಾಹಾಕಾರ ನಮ್ಮ ಊರಿಗೂ ಮುಟ್ಟಿತ್ತು. ದಾನಿಗಳ ನೆರವಿನಿಂದ ಕೈಬೆರಳೆಣಿಕೆಯಷ್ಟು ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳು ಕ್ಲಬ್ಬಿಗೆ ಬಂದವು. ಈ ಯಂತ್ರಕ್ಕೆ ಸಿಲಿಂಡರಿನ ಹಾಗೆ ಮತ್ತೆ ಮತ್ತೆ ತುಂಬಿಸುವ ತಾಪತ್ರಯವಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸಾರಜನಕವನ್ನು ಸೋಸಿ ತೆಗೆದು, ನಿಮಿಷಕ್ಕೆ ಐದು ಲೀಟರಿನಂತೆ ಆಮ್ಲಜನಕವನ್ನು ಕೊಡುತ್ತದೆ. ಆದರೆ ಕರೆಂಟು ಇಲ್ಲದಿದ್ದರೆ ಅದು ಸುಮ್ಮನೆ ಕುಳಿತ ಪೆಟ್ಟಿಗೆ. ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಮಲೆನಾಡಿನಲ್ಲಿ ನಿತ್ಯದ ಮಾತು. ಹಾಗಾಗಿ ಯಂತ್ರ ಹೋದ ಮನೆಗೆಲ್ಲ ಅದರ ಹಿಂದೆಯೇ ಇನ್ವರ್ಟರ್ ಹೊತ್ತುಕೊಂಡು ಹೋದವರು ನಮ್ಮ ವಿದ್ಯುತ್ ಗುತ್ತಿಗೆದಾರರು ಮತ್ತು ಅವರ ಇಬ್ಬರು ಹುಡುಗರು. ವೈರಿಂಗ್ ಹಳೆಯದಾಗಿದ್ದರೆ ಅದನ್ನೂ ಸರಿಪಡಿಸಿ, ತೇವದ ಬಾಟಲಿಗೆ ಡಿಸ್ಟಿಲ್ಡ್ ನೀರನ್ನು ಗೆರೆಯ ಮಟ್ಟಕ್ಕೆ ತುಂಬಿ, ಅದರಲ್ಲಿ ಗುಳ್ಳೆ ಏಳುವುದನ್ನು ಮನೆಯವರಿಗೆ ತೋರಿಸಿ, ಗುಳ್ಳೆ ನಿಂತರೆ ತಕ್ಷಣ ಫೋನು ಮಾಡಿ ಎಂದು ಹೇಳಿ ಬರುತ್ತಿದ್ದರು. ಆ ಹುಡುಗರು ಸೋಂಕಿತರ ಮನೆಯ ಒಳಗೆ ಹೋಗಬೇಕಾಗುತ್ತಿತ್ತು. ಒಮ್ಮೆಯೂ ಹೋಗುವುದಿಲ್ಲ ಎನ್ನಲಿಲ್ಲ.

ಯಂತ್ರಗಳು ಕಡಿಮೆ, ಕೇಳುವವರು ಹೆಚ್ಚು ಎಂದಾದಾಗ ಯಾರಿಗೆ ಕೊಡಬೇಕು ಎಂಬುದೇ ದೊಡ್ಡ ಸಂಕಟ. ಪ್ರಭಾವಿಗಳಿಂದ ಕರೆಗಳು ಬಂದವು. ಆ ವಾರದ ಸಭೆಯಲ್ಲಿ ಎಂದಿನಂತೆ ಚತುರ್ವಿಧ ಪರೀಕ್ಷೆಯನ್ನು ಓದಿದೆವು. 1932ರಲ್ಲಿ ದಿವಾಳಿಯಾಗುವ ಹಂತದಲ್ಲಿದ್ದ ಪಾತ್ರೆ ಕಂಪನಿಯೊಂದನ್ನು ಉಳಿಸಲು ಹೊರಟ ಹರ್ಬರ್ಟ್ ಟೇಲರ್ ತಮ್ಮ ಕೆಲಸಗಾರರಿಗಾಗಿ ಬರೆದ ನಾಲ್ಕು ಪ್ರಶ್ನೆಗಳು ಅವು. ‘ಇದು ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ?’ ಎಂಬ ಎರಡನೆಯ ಪ್ರಶ್ನೆಗೆ ಬಂದಾಗ ಸಭೆಯ ಶಿಸ್ತು ನೋಡಿಕೊಳ್ಳುವ ನಮ್ಮ ದಂಡಪಾಣಿಯವರು (ಸಾರ್ಜೆಂಟ್ ಅಟ್ ಆರ್ಮ್ಸ್) ಅಲ್ಲಿಯೇ ತಡೆದು, ಇದಕ್ಕೆ ಉತ್ತರ ಹೇಳದೆ ಮುಂದಕ್ಕೆ ಹೋಗುವುದು ಬೇಡ ಎಂದರು. ಅಂದೇ ನಿಯಮ ಬರೆದೆವು. ವೈದ್ಯರ ಚೀಟಿ ಇರಬೇಕು, ಆಸ್ಪತ್ರೆಯ ಹಾಸಿಗೆಗೆ ಕಾಯುತ್ತಿರುವವರಿಗೆ ಮೊದಲು, ಆಸ್ಪತ್ರೆಯಿಂದ ಬಂದೂ ಆಮ್ಲಜನಕ ಬೇಕಾದವರಿಗೆ ನಂತರ, ಉಳಿದಂತೆ ಕರೆ ಬಂದ ಹೊತ್ತಿನ ಸರದಿ. ಇದನ್ನು ಬರೆದ ಮೂರನೆಯ ದಿನಕ್ಕೆ ನಮ್ಮದೇ ಸದಸ್ಯರೊಬ್ಬರ ಭಾವನಿಗೆ ಯಂತ್ರ ಬೇಕಾಯಿತು. ಅವರ ಹೆಸರು ಸರದಿಯಲ್ಲಿ ಕೆಳಗಿತ್ತು. ಮೇಲೆ ತನ್ನಿ ಎಂದು ಅವರು ಕೇಳಲಿಲ್ಲ. ಸರದಿ ಬರುವವರೆಗೆ ಕಾದರು, ಭಾವನವರು ಈಗ ಆರೋಗ್ಯವಾಗಿದ್ದಾರೆ. ಆ ಎರಡು ರಾತ್ರಿ ಆ ಮನೆ ಹೇಗೆ ಕಳೆದಿರಬೇಕು ಎಂಬುದನ್ನು ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಮೇ ತಿಂಗಳ ನಡುವಿನಲ್ಲಿ ನನಗೂ ನನ್ನ ಹೆಂಡತಿಗೂ ಸೋಂಕು ತಗಲಿತು. ಅಂಗಡಿ ಮುಚ್ಚಿತು. ನಮ್ಮ ಅಂಗಡಿಯನ್ನೇ ನಂಬಿದ್ದ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಮೂರ್ಛೆ ರೋಗದ ರೋಗಿಗಳ ಮಾತ್ರೆಗಳ ಚಿಂತೆ ನನಗೆ ಜ್ವರಕ್ಕಿಂತ ಹೆಚ್ಚಾಗಿತ್ತು. ಕಾರ್ಯದರ್ಶಿಯವರು ಪಟ್ಟಿ ಕೇಳಿ ಬರೆದುಕೊಂಡು, ಊರಿನ ಮತ್ತೊಂದು ಔಷಧ ಅಂಗಡಿಯವರೊಡನೆ ಮಾತಾಡಿ ಒಂದೊಂದು ಮನೆಗೂ ತಲುಪಿಸಿದರು. ವ್ಯಾಪಾರದಲ್ಲಿ ನನ್ನ ಎದುರಾಳಿಯಾದ ಅವರು ನಾನು ಅಂಗಡಿ ತೆರೆದ ದಿನ ಆ ಪಟ್ಟಿಯನ್ನು ಹಾಗೆಯೇ ತಂದು ನನ್ನ ಕೈಗಿತ್ತು ಹೋದರು. ಆ ಮಂಗಳವಾರಗಳ ಸಭೆಯನ್ನು ಉಪಾಧ್ಯಕ್ಷರು ನಡೆಸಿದರು. ಬಾಗಿಲ ಹೊರಗೆ ಗಂಜಿಯ ಪಾತ್ರೆ ಇಟ್ಟು ಕರೆಗಂಟೆ ಒತ್ತಿ ಹೋಗುತ್ತಿದ್ದ, ರೋಟರಿ ಕುಟುಂಬಗಳ ಮಹಿಳೆಯರ ಸಂಘಟನೆಯಾದ ಇನ್ನರ್ ವೀಲ್‌ನ ತಾಯಂದಿರು ಯಾರು ಯಾರೆಂದು ನನ್ನ ಹೆಂಡತಿ ಪಾತ್ರೆಗಳ ಮೇಲೆ ಕೊರೆದ ಹೆಸರು ನೋಡಿ ಪತ್ತೆ ಹಚ್ಚಿದ್ದಾಳೆ. ಪಾತ್ರೆಗಳು ನಿಮ್ಮ ನಿಮ್ಮ ಮನೆಗೆ ಬರುತ್ತವೆ, ಖಾಲಿಯಾಗಿ ಅಲ್ಲ.

ಅದೇ ಮೇ ತಿಂಗಳಲ್ಲಿ ನಮ್ಮ ಹಿರಿಯ ಪೂರ್ವಾಧ್ಯಕ್ಷರನ್ನು ಕಳೆದುಕೊಂಡೆವು. ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದ 1995ರಿಂದ ಪ್ರತಿ ಪೋಲಿಯೊ ಭಾನುವಾರದ ಬೂತಿನಲ್ಲೂ ಅವರಿದ್ದರು. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿನೊಂದಿಗೆ ದೇಶದ ಕೊನೆಯ ಪ್ರಕರಣ ಮುಗಿದು, 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಸಿಕ್ಕಿದಾಗ ಅನೇಕರು ಇನ್ನು ಸಾಕು ಎಂದರು. ಅವರು ಬಿಡಲಿಲ್ಲ. ಈ ವರ್ಷ ಕೋವಿಡ್ ಲಸಿಕೆಯ ಆರಂಭದಿಂದಾಗಿ ಮುಂದೂಡಿದ್ದ ಪೋಲಿಯೊ ಭಾನುವಾರ ಜನವರಿ 31ಕ್ಕೆ ಬಂತು. ಎಂದಿನಂತೆ ಬೆಳಗ್ಗೆ ಏಳಕ್ಕೇ ಬಸ್ ನಿಲ್ದಾಣದ ಬೂತಿನಲ್ಲಿ ಕುಳಿತು, ಆಶಾ ಕಾರ್ಯಕರ್ತೆ ಎರಡು ಹನಿ ಹಾಕಿದೊಡನೆ ಮಗುವಿನ ಎಡಗೈಯ ಕಿರುಬೆರಳನ್ನು ಹಿಡಿದು ಉಗುರಿನ ಮೇಲೆ ಶಾಯಿಯ ಗುರುತು ಹಾಕುತ್ತಿದ್ದರು. ಮಗು ಎತ್ತಿಕೊಂಡು ಬಂದ ತಾಯಂದಿರಲ್ಲಿ ಕೆಲವರ ಬೆರಳಿಗೂ ಹಿಂದೊಮ್ಮೆ ಅವರೇ ಗುರುತು ಹಾಕಿದ್ದರು. ಅದನ್ನು ಅವರು ಆ ತಾಯಂದಿರಿಗೆ ಹೇಳಿ ಸಂತೋಷಪಡುತ್ತಿದ್ದರು. ಅವರ ಮಕ್ಕಳಿಗೆ, ಅಂತ್ಯಕ್ರಿಯೆಗೆ ನಾವು ಯಾರೂ ಬರಲಾಗದಿದ್ದಾಗ ನಮ್ಮ ಪರವಾಗಿಯೂ ಹೂವಿಟ್ಟು ಕೈಮುಗಿದದ್ದಕ್ಕೆ ಕ್ಲಬ್ಬು ಋಣಿಯಾಗಿದೆ. ಅಂದು ರುದ್ರಭೂಮಿಯಲ್ಲಿ ನಿಂತು ಎಲ್ಲವನ್ನೂ ಕ್ರಮವಾಗಿ ಮಾಡಿಸಿದ ಪೌರಕಾರ್ಮಿಕ ಬಂಧುಗಳಿಗೂ.

ವರ್ಷದ ಆರಂಭದಲ್ಲಿ ಯೋಜಿಸಿದ್ದ ಸರ್ಕಾರಿ ಪ್ರೌಢಶಾಲೆಯ ಹೆಣ್ಣುಮಕ್ಕಳ ಶೌಚಾಲಯ ಇನ್ನೂ ಛಾವಣಿಯ ಮಟ್ಟದಲ್ಲೇ ಇದೆ. ಷಿಕಾಗೊದ ಮೊದಲ ಕ್ಲಬ್ಬು ಕೈಗೆತ್ತಿಕೊಂಡ ಆರಂಭದ ಸೇವಾಕಾರ್ಯವೂ ಸಾರ್ವಜನಿಕ ಶೌಚಾಲಯವೇ ಆಗಿತ್ತೆಂಬುದನ್ನು ನಮ್ಮ ನೂತನ ಅಧ್ಯಕ್ಷೆ ಪದಗ್ರಹಣದ ದಿನ ನೆನಪಿಸಿ, ಶಾಲೆ ತೆರೆಯುವುದರೊಳಗೆ ಇದನ್ನು ಮುಗಿಸುವುದಾಗಿ ಹೇಳಿದ್ದಾರೆ. ಅವರು ಅದೇ ಶಾಲೆಯ ಶಿಕ್ಷಕಿ. 1989ರಲ್ಲಷ್ಟೇ ಮಹಿಳೆಯರಿಗೆ ಬಾಗಿಲು ತೆರೆದ ರೋಟರಿಯಲ್ಲಿ ನಮ್ಮ ಕ್ಲಬ್ಬಿನ ಮೊದಲ ಮಹಿಳಾ ಅಧ್ಯಕ್ಷರು ಅವರು. ಕೋಲ್ಕತ್ತದ ಶೇಖರ್ ಮೆಹ್ತಾ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾದ 2021–22ನೇ ಸಾಲಿನಲ್ಲೇ ಮೇಡಂ ನಮ್ಮ ಕ್ಲಬ್ಬಿನ ಹೊಣೆ ಹೊತ್ತದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಸಿಮೆಂಟು, ಹಂಚು ಕೊಡುತ್ತೇವೆಂದು ಈಗಾಗಲೇ ಮುಂದೆ ಬಂದಿರುವ ಇಬ್ಬರು ವ್ಯಾಪಾರಿ ಮಿತ್ರರಿಗೆ ಮುಂಗಡವಾಗಿಯೇ ವಂದನೆಗಳು.

ಲೆಕ್ಕಪತ್ರಗಳನ್ನು ಖಜಾಂಚಿಯವರು ಸಿದ್ಧಪಡಿಸಿ ರೋಟರಿ ಹಾಲಿನಲ್ಲಿ ಇಟ್ಟಿದ್ದಾರೆ. ಒಂದು ರೂಪಾಯಿ ಕೊಟ್ಟವರೂ ಬಂದು ನೋಡಬಹುದು. ಆಕ್ಸಿಜನ್ ಯಂತ್ರಗಳು ಮರಳಿ ಬಂದು ಸೋಸುಪಟ್ಟಿ ಬದಲಾಯಿಸಿಕೊಂಡು ಸಿದ್ಧವಾಗಿವೆ. ಅಗತ್ಯ ಬಿದ್ದವರು ವೈದ್ಯರ ಚೀಟಿಯೊಂದಿಗೆ ನೂತನ ಕಾರ್ಯದರ್ಶಿಯವರನ್ನು ಸಂಪರ್ಕಿಸಬೇಕು. ಲಸಿಕೆಯ ನಂತರ 14 ದಿನ ಕಳೆದಿರುವ ರಕ್ತದಾನಿಗಳು ತಮ್ಮ ಹೆಸರನ್ನು ರೋಟರ್‍ಯಾಕ್ಟ್‌ನವರ ಬಳಿ ಮತ್ತೆ ಬರೆಸಿದರೆ ಉಪಕಾರವಾಗುತ್ತದೆ. ನಾಡಿದ್ದು ಮಂಗಳವಾರ ಸಂಜೆ ಏಳಕ್ಕೆ ಸಭೆಯಿದೆ.