ಬಾನೆಟ್ ಮುಟ್ಟಿ ನೋಡು, ಮಗಳೇ

ದಾವಣಗೆರೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನೀನು ಕಾರಿನ ವಿಷಯ ಎತ್ತಿದಾಗ ನಾನು "ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಕಾರಣ ಕೇಳಿದ್ದಕ್ಕೆ ರೇಗಿಯೂಬಿಟ್ಟೆ. ಓದಿ ಕೆಲಸದಲ್ಲಿರುವ ಹುಡುಗಿಯೊಡನೆ ಹಾಗೆ ಮಾತಾಡಬಾರದಿತ್ತೆಂದು ನಿನ್ನ ದೊಡ್ಡಮ್ಮ ಆಕ್ಷೇಪಿಸಿದಳು. ಅವಳ ಮಾತು ನಿಜ. ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದರಲ್ಲಿ ನನಗೆ ನಾಚಿಕೆಯಾಗುವ ಸಂಗತಿಯೂ ಒಂದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಚಿತ್ರದುರ್ಗದಿಂದ ಹಿರಿಯೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವುದು ನಿನಗೆ ಸಾಕಾಗಿದೆಯೆಂಬುದು ನನಗೆ ಗೊತ್ತಿದೆ. ಕಾರನ್ನೇ ಕೊಳ್ಳಬೇಡವೆಂದು ನಾನು ಹೇಳುತ್ತಿಲ್ಲ, ನನ್ನ ತಕರಾರಿರುವುದು ಆ ಒಂದು ಕಾರಿನ ಬಗ್ಗೆ. ಹೊಸದಾಗಿದ್ದಾಗ 40 ಲಕ್ಷ ಬಾಳುತ್ತಿದ್ದ ವಿದೇಶಿ ಡೀಸೆಲ್ ಕಾರು, ಹತ್ತು ವರ್ಷ ಓಡಿದ್ದು, ಈಗ ಒಂದು ಹೊಸ ಸಣ್ಣ ಕಾರಿನ ಬೆಲೆಗೆ, ಅಂದರೆ 7 ಲಕ್ಷಕ್ಕೆ ಸಿಗುತ್ತಿದೆಯೆಂದು ಹೇಳುವಾಗ ನಿನ್ನ ದನಿಯಲ್ಲಿದ್ದ ಉತ್ಸಾಹ ನನಗೆ ಪರಿಚಿತವಾದದ್ದು. 2006ರಲ್ಲಿ ನನ್ನ ದನಿಯಲ್ಲೂ ಅದೇ ಇತ್ತು. ಆದರೆ ಅಲ್ಲಿಗೆ ಬರುವ ಮೊದಲು ಹಿಂದಿನ ಎರಡು ಕಾರುಗಳ ಕಥೆ ಹೇಳಬೇಕು.

ನಾನು ಕೊಂಡ ಮೊದಲ ಕಾರು ಮೂರನೇ ಕೈಯ ಅಂಬಾಸಿಡರ್. ಬೀಜ-ಗೊಬ್ಬರದ ಅಂಗಡಿಯ ಬಾಕಿ ವಸೂಲಿಗೆಂದು ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳನ್ನು ಅದರಲ್ಲಿ ಸುತ್ತುತ್ತಿದ್ದೆ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡಾಯಿತೆಂದರೆ ಅದು ನಿಲ್ಲುತ್ತಿತ್ತು. ಎಂಜಿನ್ನಿನ ಕಾವಿಗೆ ಪೆಟ್ರೋಲು ಗಾಡಿಯೊಳಗಿನ ಪಂಪಿನಲ್ಲಿಯೇ ಆವಿಯಾಗಿ, ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿಗೆ ತಲುಪದೆ, ಗಾಡಿ ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಜಾಲಿ ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಆ ಬಟ್ಟೆಗೆ ನೀರು ಹಾಕಲೆಂದೇ ನಿನ್ನ ಅಪ್ಪ ಹಿಂದಿನ ಸೀಟಿನಲ್ಲಿ ಒಂದು ಹಿತ್ತಾಳೆಯ ತಂಬಿಗೆ ಇಟ್ಟುಕೊಂಡಿರುತ್ತಿದ್ದ. ಈಗ ನಿಮ್ಮ ದೇವರ ಕೋಣೆಯಲ್ಲಿರುವ ತಂಬಿಗೆ ಅದೇ.

ಆ ಕಾರನ್ನು ನಾನು ಕೆಟ್ಟ ಕಾರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ತಯಾರಾದ ಅಂಬಾಸಿಡರ್, 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಹೊರಬರುತ್ತಿತ್ತು. ಅದು ಕೆಡುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಭರಮಸಾಗರದಲ್ಲಿ ಕೆಟ್ಟರೆ ಭರಮಸಾಗರದಲ್ಲಿಯೇ ರಿಪೇರಿಯಾಗುತ್ತಿತ್ತು. ಪೂರ್ವ ಜರ್ಮನಿಯ ಟ್ರಾಬಂಟ್ ಎಂಬ ಕಾರನ್ನು ಇಂದಿಗೂ ಜಗತ್ತಿನ ಅತಿ ಕೆಟ್ಟ ಕಾರುಗಳ ಸಾಲಿನಲ್ಲಿ ಹೆಸರಿಸುತ್ತಾರೆ. ಹೊಗೆಯುಗುಳುವ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್, ಹತ್ತಿಯ ನಾರಿಗೆ ರಾಳ ಸೇರಿಸಿ ಒತ್ತಿ ಮಾಡಿದ ಮೈ. (ನಮ್ಮೂರಿನ ಮಿಲ್ಲುಗಳಲ್ಲಿ ಹತ್ತಿಯಿಂದ ಪಂಚೆ ನೇಯುತ್ತಿದ್ದ ಕಾಲದಲ್ಲಿ ಅಲ್ಲಿ ಹತ್ತಿಯಿಂದ ಕಾರು ಮಾಡುತ್ತಿದ್ದರು!) ಅಂಥ ಕಾರಿಗೂ ಜನ ಹತ್ತು ವರ್ಷಕ್ಕೂ ಮಿಕ್ಕಿ ಸರದಿಯಲ್ಲಿ ಕಾದರು, 1957ರಿಂದ 1991ರೊಳಗೆ ಸುಮಾರು 30 ಲಕ್ಷ ಗಾಡಿಗಳು ತಯಾರಾದವು. ಕೊಂಡವರು ಅದನ್ನು ತಾವೇ ಬಿಚ್ಚಿ ತಾವೇ ಜೋಡಿಸಿಕೊಂಡು ದಶಕಗಳ ಕಾಲ ಓಡಿಸಿದರು. ಕೆಡದ ಕಾರನ್ನು ನಾನು ಇದುವರೆಗೆ ಕಂಡಿಲ್ಲ. ಕೆಟ್ಟಾಗ ನೀನಿರುವ ಊರಿನಲ್ಲಿ ಅದನ್ನು ಬಿಚ್ಚಬಲ್ಲವನು ಇದ್ದಾನೆಯೆ, ಅವನ ಕೈಗೆ ಬಿಡಿಭಾಗ ಸಿಗುತ್ತದೆಯೆ ಎಂಬುದನ್ನು ಕಾರು ನೋಡುವ ಮೊದಲೇ ಕೇಳಿಕೊಳ್ಳಬೇಕು.

ಇದನ್ನು ನನಗೆ ಕಲಿಸಿದ್ದು ಎರಡನೆಯ ಕಾರು. ಅದರ ಹೆಸರು ಇಲ್ಲಿ ಬೇಡ. ಹೊಚ್ಚಹೊಸದಾಗಿ ಕೊಂಡದ್ದು, ನಾನು ಓಡಿಸಿದ ಕಾರುಗಳಲ್ಲೆಲ್ಲ ಅತ್ಯಂತ ಹಿತವಾದದ್ದು. ಅದರಲ್ಲಿ ಕುಳಿತು ಚಿತ್ರದುರ್ಗಕ್ಕೆ ಹೋದರೆ ಬಂದದ್ದೇ ತಿಳಿಯುತ್ತಿರಲಿಲ್ಲ. ಮೂರನೆಯ ವರ್ಷ ಅದನ್ನು ಮಾರಿದ ಶೋರೂಮು ಬಾಗಿಲು ಹಾಕಿತು. ನಾಲ್ಕನೆಯ ವರ್ಷ ಕ್ಲಚ್ಚು ಹೋಯಿತು. ಅಂಗೈಯಗಲದ ಒಂದು ಭಾಗಕ್ಕಾಗಿ ಕಾರು ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಹನ್ನೊಂದು ವಾರ ನಿಂತಿತು. ಗ್ಯಾರೇಜಿನ ಹುಡುಗರು ಅದರ ಮೇಲೆ ಒಗೆದ ಬಟ್ಟೆ ಹರವುತ್ತಿದ್ದರು. ಆ ಕಾಲದಲ್ಲಿ ಅನೇಕರ ಪಾಡು ಇದೇ ಆಗಿತ್ತು. ಪ್ರೀಮಿಯರ್ ಕಂಪನಿಯೊಡನೆ ಸೇರಿ ಬಂದ ಫ್ರಾನ್ಸಿನ ಪ್ಯೂಜೋ ತನ್ನ 309 ಮಾದರಿಯನ್ನು ಕೆಲವೇ ವರ್ಷ ಮಾರಿ 1990ರ ದಶಕ ಮುಗಿಯುವುದರೊಳಗೆ ಹಿಂದಿರುಗಿತು. ಕೊರಿಯಾದ ಡೇವೂ 1995ರಲ್ಲಿ ಸಿಯೆಲೋ, 1998ರಲ್ಲಿ ಮಾಟಿಜ್ ತಂದಿತು. ತಾಯಿ ಕಂಪನಿ ಅಲ್ಲಿ ದಿವಾಳಿಯೆದ್ದ ಮೇಲೆ ಇಲ್ಲಿನದೂ ಮುಚ್ಚಿತು. ಇತ್ತೀಚೆಗೆ, 2017ರಲ್ಲಿ ಜನರಲ್ ಮೋಟರ್ಸ್ ಶೆವ್ರೋಲೆ ಕಾರುಗಳ ಮಾರಾಟವನ್ನು, 2021ರಲ್ಲಿ ಫೋರ್ಡ್ ನಮ್ಮ ದೇಶದ ಮಾರಾಟಕ್ಕಾಗಿ ಕಾರು ತಯಾರಿಸುವುದನ್ನು ನಿಲ್ಲಿಸಿದವು. ಈ ಎರಡು ಕಂಪನಿಗಳು ಸರ್ವಿಸನ್ನೂ ಬಿಡಿಭಾಗಗಳ ಪೂರೈಕೆಯನ್ನೂ ಮುಂದುವರಿಸುವುದಾಗಿ ತಿಳಿಸಿದವು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಇವುಗಳಲ್ಲಿ ಹಲವು ಓಡಿಸಲು ಸೊಗಸಾದ ಕಾರುಗಳೇ.

ಈಗ ನೀನು ನೋಡಿರುವ ಕಾರಿಗೆ ಬರುತ್ತೇನೆ. ಆ ಕಂಪನಿ ಎಲ್ಲಿಗೂ ಹೋಗಿಲ್ಲ, ಬೆಂಗಳೂರಿನಲ್ಲಿ ಭರ್ಜರಿ ಶೋರೂಮಿದೆ ಎಂದು ನೀನು ಹೇಳಬಹುದು. ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್ ಇದೆಯೆಂಬುದನ್ನು, ಕೆಟ್ಟ ಕಾರು ಅಷ್ಟು ದೂರವನ್ನು ಲಾರಿಯ ಬೆನ್ನೇರಿಯೇ ಹೋಗಬೇಕೆಂಬುದನ್ನು ಮರೆಯಬೇಡ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ನೀನು ಕೊಡುವುದು 7 ಲಕ್ಷವೇ ಆದರೂ ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸು, ಸಸ್ಪೆನ್ಷನ್ನು, ಒಂದು ಹೆಡ್‌ಲೈಟು ಕೂಡ, 40 ಲಕ್ಷದ ಕಾರಿನವೇ ಆಗಿರುತ್ತವೆ. ಆನೆಯನ್ನು ಕಾಲು ಬೆಲೆಗೆ ಕೊಂಡರೂ ಅದು ತಿನ್ನುವ ಮೇವು ಇಡೀ ಆನೆಯದು. ಮೊದಲ ಯಜಮಾನ ಅದನ್ನು ಇಷ್ಟು ಅಗ್ಗಕ್ಕೆ ಬಿಡುತ್ತಿರುವುದು ನಿನ್ನ ಮೇಲಿನ ಪ್ರೀತಿಯಿಂದಲ್ಲ, ಮುಂದಿನ ಬಿಲ್ಲಿನ ಅಂದಾಜು ಅವನ ಕೈಸೇರಿರುವುದರಿಂದ ಇರಬಹುದು.

ಅಗ್ಗವೆಂಬುದು ಇನ್ನೊಂದು ರೀತಿಯಲ್ಲೂ ಕೆಡಿಸುತ್ತದೆ. ಯುಗೊಸ್ಲಾವಿಯಾದಲ್ಲಿ ತಯಾರಾದ ಯೂಗೋ ಎಂಬ ಸಣ್ಣ ಕಾರನ್ನು 1980ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ 3,990 ಡಾಲರಿಗೆ ಮಾರಿದರು. ಇಷ್ಟು ಅಗ್ಗದ ಕಾರಿಗೆ ಮತ್ತೆ ಖರ್ಚೇಕೆಂದು ಅನೇಕರು ಅದರ ಟೈಮಿಂಗ್ ಬೆಲ್ಟನ್ನು, ಅಂದರೆ ಎಂಜಿನ್ನಿನ ಪಿಸ್ಟನ್ನು, ವಾಲ್ವುಗಳ ಚಲನೆಯನ್ನು ಹೊಂದಿಸುವ ಪಟ್ಟಿಯನ್ನು, ಹೊತ್ತಿಗೆ ಸರಿಯಾಗಿ ಬದಲಿಸಲಿಲ್ಲ. ಬೆಲ್ಟು ಹರಿದಾಗ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾಯಿತು. ಕಾರು ಸಾಧಾರಣದ್ದೇ ಆಗಿತ್ತು, ನಿಜ. ಅದನ್ನು ನಗೆಪಾಟಲಿಗೀಡು ಮಾಡಿದ್ದರಲ್ಲಿ ಕೊಂಡವರ ಪಾಲೂ ಇತ್ತು. ನಿನ್ನ ಕಾರಿನಲ್ಲಿ ಬೆಲ್ಟಿದ್ದರೆ ಅದನ್ನು ಎಷ್ಟು ಕಿಲೋಮೀಟರಿಗೆ ಬದಲಿಸಿದ್ದಾರೆಂಬ ಬಿಲ್ಲನ್ನು ಕೇಳು. "ಬದಲಿಸಿದ್ದೇವೆ" ಎಂಬ ಬಾಯಿಮಾತು ಬಿಲ್ಲಲ್ಲ. ಹೊರಗಿನ ಥಳಕನ್ನು ನಂಬುವ ವಿಷಯದಲ್ಲಿ ನಮ್ಮ ದೇಶದಲ್ಲಿಯೇ ಒಂದು ಪಾಠವಿದೆ: 1985ರಲ್ಲಿ ಮದ್ರಾಸಿನಿಂದ ಬಂದ ಸ್ಟ್ಯಾಂಡರ್ಡ್ 2000 ಕಾರಿಗೆ ಬ್ರಿಟನ್ನಿನ ರೋವರಿನ ಮೋಹಕ ಮೈಯಿತ್ತು, ಒಳಗೆ ಹಿಂದಿನ ಕಾಲದ ಎಂಜಿನ್ನು ಕುಳಿತಿತ್ತು. ಮೂರ್ನಾಲ್ಕು ವರ್ಷಗಳಲ್ಲಿ ಅದರ ಕಥೆ ಮುಗಿಯಿತು.

ಇನ್ನು ಮೂರನೆಯ ಕಾರು. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆನೋ ಏನೋ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಚಳ್ಳಕೆರೆಯಲ್ಲಿ ವರ್ಷವಿಡೀ ಕೂಡಿದರೂ ಅಷ್ಟು ಬೀಳುವುದಿಲ್ಲ. ಮರುವರ್ಷ ಮಹಾರಾಷ್ಟ್ರದ ನಂಬರಿನ ಬಿಳಿಯ ಕಾರೊಂದು ನಮ್ಮೂರಿನಲ್ಲಿ ಮಾರಾಟಕ್ಕೆ ಬಂತು. ಅದು ಯಾವ ನೀರಿನಲ್ಲಿ ಮುಳುಗಿತ್ತೋ ನಾನು ಆಣೆ ಮಾಡಿ ಹೇಳಲಾರೆ, ಮುಳುಗಿದ್ದಂತೂ ಖಚಿತ. 1,85,000 ರೂಪಾಯಿ ಕೊಟ್ಟು ತಂದೆ. ಮೊದಲ ತಿಂಗಳು ಏನೂ ತೊಂದರೆಯಾಗಲಿಲ್ಲ. ಆಮೇಲೆ ಒಂದು ಸುಡುಬಿಸಿಲಿನ ಮಧ್ಯಾಹ್ನ ಹರಿಹರದ ತುಂಗಭದ್ರೆಯ ಸೇತುವೆಯ ಮೇಲೆ ವೈಪರುಗಳು ತಾವಾಗಿ ಆಡತೊಡಗಿದವು. ಮಳೆ ಬಂದ ರಾತ್ರಿಗಳಲ್ಲಿ ಮನೆಯ ಮುಂದೆ ನಿಂತ ಕಾರು ಹಾರನ್ ಹೊಡೆದು ಬೀದಿಯನ್ನೇ ಎಬ್ಬಿಸುತ್ತಿತ್ತು. ಎಲೆಕ್ಟ್ರಿಷಿಯನ್ ಕೊನೆಗೆ ಸೀಟು ಬಿಚ್ಚಿ ಕೆಳಗಿನ ಹಾಸನ್ನು ಎತ್ತಿದಾಗ ಒಣಗಿದ ಕೆಸರು ಹಪ್ಪಳದಂತೆ ಎದ್ದು ಬಂತು. ಅದು ನಮ್ಮ ಕಡೆಯ ಎರೆಮಣ್ಣೂ ಅಲ್ಲ, ಕೆಮ್ಮಣ್ಣೂ ಅಲ್ಲ. ವೈರುಗಳ ಕೊಂಡಿಗಳೆಲ್ಲ ಹಸಿರುಗಟ್ಟಿದ್ದವು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ 96,000 ರೂಪಾಯಿ ಖರ್ಚಾಯಿತೆಂದು ನನ್ನ ಲೆಕ್ಕದ ಪುಸ್ತಕ ಹೇಳುತ್ತದೆ. ಇಷ್ಟು ಹಾಕಿದ್ದೇನೆ, ಇನ್ನಿಷ್ಟು ಹಾಕಿದರೆ ಸರಿಹೋದೀತು ಎಂದುಕೊಂಡೇ ಅಷ್ಟೂ ಹಣ ಹೋಯಿತು.

ಆಮೇಲೆ ನಾನು ಅದನ್ನು ಮಾರಿದೆ. ಕೊಂಡವರು ಜಗಳೂರಿನ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಮೇಷ್ಟ್ರು. ಅವರು ಬರುವ ಮೊದಲೇ ನಾನು ಎಂಜಿನ್ ಹಚ್ಚಿ ಬಿಸಿ ಮಾಡಿಟ್ಟಿದ್ದೆ, ಏಕೆಂದರೆ ತಣ್ಣಗಿದ್ದಾಗ ಅದು ಸುಲಭವಾಗಿ ಹತ್ತುತ್ತಿರಲಿಲ್ಲ. ಹೊಸ ಮ್ಯಾಟು ಹಾಸಿದ್ದೆ, ಕೆಸರಿನ ವಾಸನೆ ಬಾರದಂತೆ ಸೀಟಿನ ಕೆಳಗೆ ಲಾವಂಚದ ಬೇರನ್ನು ಇಟ್ಟಿದ್ದೆ. "ಗಾಡಿಯಲ್ಲಿ ಏನಾದರೂ ತೊಂದರೆ ಇದೆಯಾ ಸರ್?" ಎಂದು ಅವರು ಕೇಳಿದರು. "ನೀವೇ ಒಂದು ಸುತ್ತು ಓಡಿಸಿ ನೋಡಿ" ಎಂದೆ. ಅದು ಸುಳ್ಳಲ್ಲವೆಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ತಿಂಗಳ ಬಳಿಕ ಬಸ್ಸಿನಲ್ಲಿ ಹೋಗುವಾಗ ಬಿಳಿಚೋಡಿನ ಹತ್ತಿರ ಆ ಕಾರು ಬಾನೆಟ್ ತೆರೆದುಕೊಂಡು ರಸ್ತೆಯ ಪಕ್ಕದಲ್ಲಿ ನಿಂತಿತ್ತು. ಮರದ ಕೆಳಗೆ ಮೇಷ್ಟ್ರ ಹೆಂಡತಿ ಮಗುವಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ನಾನು ಬಸ್ಸಿನಿಂದ ಇಳಿಯಲಿಲ್ಲ. ಈ ಸಂಗತಿ ನಿನ್ನ ದೊಡ್ಡಮ್ಮನಿಗೂ ಗೊತ್ತಿಲ್ಲ.

ನೀನು ಪಾಠ ಮಾಡುವ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಸಿದ್ಧಾಂತವೇ ಇದೆಯೆಂದು ಹೋದ ಯುಗಾದಿಯ ಊಟದ ಹೊತ್ತಿಗೆ ನೀನೇ ವಿವರಿಸಿದ್ದೆ. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಭಯಕ್ಕೆ ಕೊಳ್ಳುವವನು ಬೆಲೆ ತಗ್ಗಿಸುತ್ತಾನೆ. ತಗ್ಗಿದ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಇದನ್ನು 1970ರಲ್ಲಿ ಬರೆದ ಜಾರ್ಜ್ ಅಕರ್ಲಾಫ್‌ಗೆ 2001ರಲ್ಲಿ ನೊಬೆಲ್ ಬಂತೆಂದೂ, ಅಮೆರಿಕದವರು ಕೆಟ್ಟ ಕಾರನ್ನು ನಿಂಬೆಹಣ್ಣೆಂದು ಕರೆಯುತ್ತಾರೆಂದೂ ಹೇಳಿದಾಗ ಎಲ್ಲರೂ ನಕ್ಕರು. ನಾವು ಕಾರಿಗೆ ಪೂಜೆ ಮಾಡಿಸಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುವವರಲ್ಲವೆ! ಅಂದು ನಾನೊಬ್ಬನೇ ನಗಲಿಲ್ಲವೆಂಬುದನ್ನು ನೀನು ಗಮನಿಸಿರಲಿಕ್ಕಿಲ್ಲ.

ಆದ್ದರಿಂದ ಮಾರುವವನ ಬುದ್ಧಿ ಬಲ್ಲವನಾಗಿ ಹೇಳುತ್ತೇನೆ. ಯಾವ ಹಳೆಯ ಕಾರನ್ನೇ ನೋಡಲು ಹೋಗು, ಕೀಲಿ ಕೇಳುವ ಮೊದಲು ಬಾನೆಟ್ಟಿನ ಮೇಲೆ ಕೈಯಿಡು. ಬಿಸಿಯಾಗಿದ್ದರೆ ಏನನ್ನೋ ಮುಚ್ಚಿಟ್ಟಿರಬಹುದು. ಇನ್ನೊಂದು ದಿನ ಬರುವೆನೆಂದು ಹೇಳಿ ಹಿಂದಿರುಗು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು, ಮುಳುಗಿದ ಕಾರಿನಲ್ಲಿ ಅದರ ತುದಿಗೆ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಕೆಳಗಿನ ತುಕ್ಕನ್ನೂ ನೋಡು. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆತ ಕಾಫಿಯಂಥ ಜಿಡ್ಡಿದ್ದರೆ ಎಂಜಿನ್ನಿನೊಳಗೆ ನೀರು ಸೇರುತ್ತಿರಬಹುದು. ಮೀಟರಿನ ಕಿಲೋಮೀಟರನ್ನು ನಂಬಬೇಡ, ಪೆಡಲುಗಳ ರಬ್ಬರು ಎಷ್ಟು ಸವೆದಿದೆಯೆಂದು ನೋಡು. ಕಾಗದಪತ್ರದ ಮಾತು ನಿನಗೆ ಹೇಳಬೇಕಾದ್ದಿಲ್ಲ. ಕೆಎ-16, ಕೆಎ-17 ಬಿಟ್ಟು ಹೊರರಾಜ್ಯದ ನಂಬರಾದರೆ ಅಲ್ಲಿನ ಆರ್‌ಟಿಒ ಕೊಟ್ಟ ನಿರಾಕ್ಷೇಪಣಾ ಪತ್ರ, ಸಾಲವಿದ್ದದ್ದಾದರೆ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಇವೆರಡಿಲ್ಲದೆ ಮುಂಗಡ ಕೊಡಬೇಡ.

ನನ್ನನ್ನು ಕೇಳಿದರೆ, ನಿಮ್ಮ ಬಡಾವಣೆಯ ಮೆಕ್ಯಾನಿಕ್ ದಿನಕ್ಕೆರಡು ಸಲ ಬಿಚ್ಚುವಂಥ ಸಾಮಾನ್ಯ ಪೆಟ್ರೋಲ್ ಕಾರನ್ನು, ಒಬ್ಬನೇ ಯಜಮಾನನ ಕೈಯಲ್ಲಿ ಐದಾರು ವರ್ಷ ಇದ್ದದ್ದನ್ನು, ಹುಡುಕು. ಅದನ್ನು ನೋಡಿ ಕಾಲೇಜಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಏರಿಸದಿದ್ದರೆ ನಷ್ಟವೇನೂ ಇಲ್ಲ. ಇಷ್ಟು ಹೇಳಿದ ಮೇಲೂ ಆ ವಿದೇಶಿ ಕಾರನ್ನೇ ಒಮ್ಮೆ ನೋಡಬೇಕೆಂಬ ಆಸೆಯಿದ್ದರೆ ಭಾನುವಾರ ಇಲ್ಲಿಗೆ ಬಾ, ನಾನೂ ಜೊತೆಗೆ ಬರುತ್ತೇನೆ. ಒಂಬತ್ತು ಗಂಟೆಗೆ ಬರುತ್ತೇವೆಂದು ಮಾರುವವನಿಗೆ ತಿಳಿಸು. ನಾವು ಏಳಕ್ಕೇ ಅವನ ಮನೆಯ ಮುಂದಿರೋಣ. ಬೆಣ್ಣೆ ದೋಸೆ ಆಮೇಲೆ.

ಇಂತಿ,
ನಿನ್ನ ದೊಡ್ಡಪ್ಪ