ಅಕ್ಕನ ಫೋನಿಗೆ ಬಂದ ಜ್ಯೋತಿಷಿಯ ಬಗ್ಗೆ ಅಪ್ಪನಿಗೆ

ಬುಕಾರೆಸ್ಟ್, ರುಮೇನಿಯಾ

ತೀರ್ಥರೂಪ ತಂದೆಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಕ್ಕ ವಾಟ್ಸಾಪ್‌ನಲ್ಲಿ ಪರಿಚಯವಾದ ಒಬ್ಬ ಜ್ಯೋತಿಷಿಗೆ ಹಣ ಕಳಿಸುತ್ತಿದ್ದಾಳೆಂದು ಅಮ್ಮ ಹೇಳಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಫೋನಿನಲ್ಲಿ ಮಾತಾಡಿದರೆ ಅದು ಜಗಳಕ್ಕೆ ತಿರುಗಬಹುದೆಂಬ ಅಳುಕಿನಿಂದ, ಈ ವ್ಯವಹಾರವನ್ನು ನಾನಿರುವ ದೇಶದಲ್ಲಿ ಹೇಗೆ ಕಂಡಿದ್ದೇನೆಂಬುದನ್ನು ನಿಮಗೆ ಬರೆದು ತಿಳಿಸುತ್ತಿದ್ದೇನೆ.

ರುಮೇನಿಯಾದವರ ನಂಬಿಕೆಗಳು ನಮ್ಮವಕ್ಕೆ ಅಷ್ಟೇನೂ ದೂರವಲ್ಲ. ಕೆಟ್ಟ ಕಣ್ಣಿನ ದೋಷವನ್ನು ಇವರು ‘ದೆಯೋಕಿ’ ಎನ್ನುತ್ತಾರೆ; ದೃಷ್ಟಿ ತಾಗಬಾರದೆಂದು ಕೂಸಿನ ಕೈಗೆ ಕೆಂಪು ದಾರ ಕಟ್ಟುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರ ಮಗು ಒಂದೇ ಸಮನೆ ಅಳುತ್ತಿದ್ದಾಗ, ಪಕ್ಕದ ಮನೆಯ ಅಜ್ಜಿ ಬಂದು, ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಗೀರಿ, ಉರಿದ ಕಡ್ಡಿಯನ್ನು ನೀರಿನ ಲೋಟಕ್ಕೆ ಹಾಕುತ್ತ, ಬಾಯಲ್ಲೇ ಏನನ್ನೋ ಪಠಿಸಿ, ಆ ನೀರನ್ನು ಮಗುವಿನ ಹಣೆಗೆ ಸವರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಿದ್ದುದೇ ನನಗಾಗ ನೆನಪಾಯಿತು. ಆ ಅಜ್ಜಿ ಹಣ ಕೇಳಲಿಲ್ಲ, ಹೆದರಿಸಲೂ ಇಲ್ಲ.

ಆದರೆ ಇಲ್ಲಿ ಮಾಟ ಮಂತ್ರ ಮತ್ತು ಕಣಿ ಹೇಳುವುದನ್ನೇ ಕಸುಬಾಗಿ ಮಾಡಿಕೊಂಡ ಹೆಂಗಸರೂ ಇದ್ದಾರೆ. ಕಾಫಿ ಚರಟ, ಇಸ್ಪೀಟು, ಬೀನ್ಸ್ ಕಾಳುಗಳನ್ನು ನೋಡಿ ಭವಿಷ್ಯ ಹೇಳುವುದು ಇಲ್ಲಿಯ ಹಳೆಯ ರೂಢಿ. 2011ರ ಜನವರಿಯಲ್ಲಿ ಸರ್ಕಾರ ಇವರನ್ನೂ ಜ್ಯೋತಿಷಿಗಳನ್ನೂ ಅಧಿಕೃತ ವೃತ್ತಿಗಳ ಪಟ್ಟಿಗೆ ಸೇರಿಸಿ, ಉಳಿದ ಸ್ವಂತ ಉದ್ಯೋಗಿಗಳಂತೆ ಶೇ 16ರಷ್ಟು ವರಮಾನ ತೆರಿಗೆ ಕಟ್ಟಬೇಕೆಂದಾಗ, ಕೆಲವರು ಸಿಟ್ಟಿನಿಂದ ಡಾನ್ಯೂಬ್ ನದಿಗೆ ವಿಷದ ಬೇರುಗಳನ್ನು ಎಸೆದು ಸರ್ಕಾರಕ್ಕೇ ಶಾಪ ಹಾಕಿದರಂತೆ. ಹೇಳಿದ ಭವಿಷ್ಯ ಸುಳ್ಳಾದರೆ ದಂಡ ವಿಧಿಸುವ ಮಸೂದೆಯ ಮಾತೂ ಅದೇ ವರ್ಷ ಬಂದಿತ್ತು. ಆ ಕಾಲಕ್ಕೆ ಅವರಿಗೆ ಒಂದು ಮನೆ, ಬಾಗಿಲು, ವಿಳಾಸ ಇದ್ದವು ಎನ್ನುವುದನ್ನು ನೀವು ಗಮನಿಸಬೇಕು; ಮೋಸಹೋದವನು ಅಲ್ಲಿಗೆ ಹೋಗಿ ನಿಂತು ಕೇಳಬಹುದಿತ್ತು.

ಈಗ ಅವರಲ್ಲಿ ಅನೇಕರು ಫೇಸ್‌ಬುಕ್ಕಿಗೆ ಬಂದಿದ್ದಾರೆ. ಸಹೋದ್ಯೋಗಿ ಒಮ್ಮೆ ತಮ್ಮ ಫೋನಿನಲ್ಲಿ ಒಂದು ನೇರಪ್ರಸಾರವನ್ನು ತೋರಿಸಿದರು: ಬಣ್ಣಬಣ್ಣದ ಲಂಗ ತೊಟ್ಟ ಹೆಂಗಸೊಬ್ಬಳು ಮೋಂಬತ್ತಿಗಳ ನಡುವೆ ಕುಳಿತು, ಕಾಮೆಂಟಿನಲ್ಲಿ ಹೆಸರು ಹಾಕಿದವರನ್ನು ಒಬ್ಬೊಬ್ಬರನ್ನಾಗಿ ಕರೆದು, ‘ನಿನ್ನ ಗಂಡನನ್ನು ಯಾರೋ ಮಾಟದಿಂದ ಕಟ್ಟಿಹಾಕಿದ್ದಾರೆ, ಉಳಿದದ್ದನ್ನು ಖಾಸಗಿಯಾಗಿ ಹೇಳುತ್ತೇನೆ’ ಎನ್ನುತ್ತಿದ್ದಳು, ಪರದೆಯ ಕೆಳಗೆ ಫೋನ್ ಸಂಖ್ಯೆ ಇತ್ತು. ದುಡಿಯಲು ಇಟಲಿ, ಸ್ಪೇನ್ ದೇಶಗಳಿಗೆ ಹೋದ ರುಮೇನಿಯನ್ನರು ಲಕ್ಷಗಟ್ಟಲೆ ಇದ್ದಾರೆ. ಊರಿನಿಂದ ದೂರವಾಗಿ, ಸಂಸಾರ ಒಡೆಯುವ ಭಯದಲ್ಲಿ ದಿನ ನೂಕುವ ಅಂಥವರನ್ನು ಈ ಪ್ರಸಾರಗಳು ರಾತ್ರಿ ಅವರ ಹಾಸಿಗೆಯವರೆಗೂ ಹೋಗಿ ಹಿಡಿಯುತ್ತವೆ.

ಅಕ್ಕನಿಗೆ ಆಗಿರುವುದೂ ಇದೇ ಎಂದು ನನಗನಿಸುತ್ತದೆ. ನಮ್ಮೂರಿನಲ್ಲಿ ಬುಡಬುಡಿಕೆಯವನು ಬೆಳಗಿನ ಜಾವ ಬಂದು ನಾಲ್ಕು ಮಾತು ನುಡಿದು, ಅಕ್ಕಿಯನ್ನೋ ಹಳೆಯ ಪಂಚೆಯನ್ನೋ ಪಡೆದು ಹೋಗುತ್ತಿದ್ದ, ಅಷ್ಟಕ್ಕೇ ಮುಗಿಯುತ್ತಿತ್ತು. ಫೋನಿನ ಗುರೂಜಿಗೆ ಮುಗಿಸುವ ಇಚ್ಛೆಯೇ ಇರುವುದಿಲ್ಲ. ಭಾವನವರ ಅಂಗಡಿಯ ಸಾಲದ ಚಿಂತೆಯಲ್ಲಿ ಅಕ್ಕ ಇಂಟರ್‌ನೆಟ್ಟಿನಲ್ಲಿ ಏನನ್ನಾದರೂ ಹುಡುಕಿರಬಹುದು. ಒಮ್ಮೆ ಹುಡುಕಿದರೆ ಸಾಕು, ಅದಕ್ಕೆ ಹೊಂದುವ ಜಾಹೀರಾತು ತಾನಾಗಿಯೇ ಪರದೆಯ ಮೇಲೆ ಬರುತ್ತದೆ, ನೋಡುವವರಿಗೆ ಅದು ದೈವಸಂಕೇತದಂತೆ ತೋರುತ್ತದೆ. ಮೊದಲು ಉಚಿತ ಭವಿಷ್ಯ, ಆಮೇಲೆ ಸಣ್ಣದೊಂದು ಪೂಜೆಯ ಖರ್ಚು, ನಂತರ ‘ಯಾರೋ ಮಾಟ ಮಾಡಿಸಿದ್ದಾರೆ, ಅರ್ಧಕ್ಕೆ ಬಿಟ್ಟರೆ ಮಕ್ಕಳಿಗೆ ತೊಂದರೆ’ ಎಂಬ ಹೆದರಿಕೆ: ಇದು ಇಲ್ಲಿಯೂ ಅಲ್ಲಿಯೂ ಒಂದೇ ಕ್ರಮ. ಅವನಿಗೆ ಎಲ್ಲ ಗೊತ್ತಿದೆ ಎಂದು ಅಕ್ಕ ಅಮ್ಮನಿಗೆ ಹೇಳಿದ್ದಾಳಂತೆ. ಮಕ್ಕಳ ಹೆಸರು, ಶಾಲೆ, ಹೊಸ ಮನೆಯ ಫೋಟೊ ಎಲ್ಲವೂ ಅವಳ ಫೇಸ್‌ಬುಕ್ ಪುಟದಲ್ಲೇ ಇವೆಯಲ್ಲ!

ಕರ್ನಾಟಕದಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಒಪ್ಪಿಗೆ ಪಡೆದು 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಿದೆ. ಜ್ಯೋತಿಷ್ಯ, ವಾಸ್ತು ಅದರ ಹೊರಗಿವೆ. ಆದರೆ ಹೆದರಿಸಿ ಹಣ ಕೀಳುವುದು ಯಾವ ಹೆಸರಿನಲ್ಲಿ ನಡೆದರೂ ಅಪರಾಧವೇ. ದಯವಿಟ್ಟು ಅಕ್ಕನನ್ನು ಬೈಯಬೇಡಿ, ಅವಳ ನಂಬಿಕೆಯನ್ನು ಹೀಯಾಳಿಸಬೇಡಿ. ಬೈದರೆ ಅವಳ ಕಷ್ಟ ಕೇಳುವವನು ಅವನೊಬ್ಬನೇ ಆಗಿಬಿಡುತ್ತಾನೆ. ಹಣ ಕಳಿಸಿದ ಯುಪಿಐ ವಿವರ, ಬಂದ ಸಂದೇಶಗಳು ಯಾವುದನ್ನೂ ಅಳಿಸದೆ ಇಟ್ಟುಕೊಂಡು, ಸೈಬರ್ ವಂಚನೆಯ ದೂರುಗಳಿಗಿರುವ 1930 ಸಹಾಯವಾಣಿಗೆ ಕರೆ ಮಾಡಿ, ಹತ್ತಿರದ ಸೈಬರ್ ಠಾಣೆಯಲ್ಲಿ ಅವಳ ಜೊತೆ ನೀವೇ ಹೋಗಿ ದೂರು ಕೊಡಿಸಿ. ಅಂಗಡಿಯ ಸಾಲದ ಲೆಕ್ಕವನ್ನು ಭಾವನವರು ನನಗೆ ಕಳಿಸಲಿ. ಪೂಜೆಗೆಂದು ಹೋಗುತ್ತಿದ್ದ ಹಣಕ್ಕೆ ನನ್ನದನ್ನೂ ಸೇರಿಸಿ ತಿಂಗಳ ಕಂತು ಕಟ್ಟೋಣ. ಭಾನುವಾರ ಸಂಜೆ ಅಕ್ಕನಿಗೆ ನಾನೇ ಕರೆ ಮಾಡುತ್ತೇನೆ, ಅಷ್ಟರೊಳಗೆ ನೀವು ಅವಳ ಮನೆಗೆ ಒಮ್ಮೆ ಹೋಗಿ ಬಂದರೆ ಉಪಕಾರವಾಗುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಮಗ