ಮೂವತ್ತನೇ ದಿನದ ಪೂಜೆ ಮುಗಿದ ಮೇಲೆ ಆ ಮನೆಗೆ ಯಾರು ಹೋಗುತ್ತಾರೆ?

ಮಾನ್ಯ ಸಂಪಾದಕರೆ,

ಮಲೆನಾಡಿನ ಕ್ರೈಸ್ತ ಮನೆಯೊಂದರಲ್ಲಿ ಸಾವಾದರೆ ಮೊದಲ ವಾರ ಜನಕ್ಕೆ ಬರವಿಲ್ಲ. ಪೆಟ್ಟಿಗೆ, ಗುಂಡಿ, ಪೂಜೆ, ಬಂದವರಿಗೆ ಚಹಾ ಎಲ್ಲವೂ ಯಾರದೋ ಕೈಯಿಂದ ಸಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜಾತಿ ಧರ್ಮ ನೋಡದೆ ಅಕ್ಕಪಕ್ಕದವರೂ ಬಂದು ನಿಲ್ಲುತ್ತಾರೆ. ಮೂವತ್ತನೇ ದಿನದ ಪೂಜೆಯ ಊಟ ಮುಗಿದ ಮೇಲೆ ಆ ಅಂಗಳ ಹತ್ತುವವರು ಹೆಚ್ಚಾಗಿ ಸಾಲ ಕೊಟ್ಟವರೇ. ಧರ್ಮಕೇಂದ್ರಗಳೂ (ಪ್ಯಾರಿಷ್‌ಗಳೂ) ಸಭೆಗಳೂ ತಮ್ಮ ನೆರವಿನ ಬಹುಪಾಲನ್ನು ಮೊದಲ ವಾರದಿಂದ ತೆಗೆದು ಎರಡನೇ, ಮೂರನೇ ತಿಂಗಳಿಗೆ ಇಡಬೇಕು ಎಂದು ಒತ್ತಾಯಿಸಿ ಈ ಪತ್ರ.

ಇದು ಹೊಸ ಮಾತೇನಲ್ಲ. ಜೆರುಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಎದ್ದಾಗ ಯೇಸುವಿನ ಪ್ರೇಷಿತರು ಸಮಾಧಾನ ಹೇಳಿ ಕಳಿಸಲಿಲ್ಲ. ಏಳು ಮಂದಿಯನ್ನು ಆರಿಸಿ ಆ ಕೆಲಸವನ್ನೇ ವಹಿಸಿದರು (ಪ್ರೇಷಿತರ ಕಾರ್ಯಕಲಾಪಗಳು, 6ನೇ ಅಧ್ಯಾಯ). ಆ ಏಳೂ ಹೆಸರು ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಕೊಂಕಣಿ ಮನೆಗಳೇ ಹೆಚ್ಚಿರುವ ಕಡೆ ತಮಿಳು, ಮಲಯಾಳಂ ಮಾತಾಡುವ ತೋಟದ ಕೂಲಿಯವರ ಲೈನ್ ಮನೆಗಳು ನೆರವಿನ ಪಟ್ಟಿಯಿಂದ ಜಾರಿಹೋಗುತ್ತವೆ. ಪಟ್ಟಿ ಬರೆಯುವವರಲ್ಲಿ ಆ ಲೈನಿನವರೊಬ್ಬರು ಇಲ್ಲದಿದ್ದರೆ ಹಾಗೆ ಆಗದೆ ಇನ್ನೇನಾಗುತ್ತದೆ?

ನಮ್ಮ ಸಲಹೆ ಇದು: ಸಾವಾದ ಒಂದು ಮನೆಗೆ ಇಬ್ಬರು, ಅವರಲ್ಲೊಬ್ಬರು ಹೆಂಗಸು, ತೊಂಬತ್ತು ದಿನದ ಹೊಣೆ. ಎಲ್ಲರೂ ನೋಡಿಕೊಳ್ಳೋಣ ಎಂದಲ್ಲಿ ಯಾರೂ ನೋಡುವುದಿಲ್ಲ. ವಾರಕ್ಕೊಮ್ಮೆ, ಹೇಳಿದ ದಿನವೇ ಹೋಗಬೇಕು. ‘ಏನಾದರೂ ಬೇಕಿದ್ದರೆ ಹೇಳಿ ಅಕ್ಕಾ’ ಎಂದರೆ ‘ಏನೂ ಬೇಡ, ಚಾ ಕುಡಿದು ಹೋಗಿ’ ಎಂಬ ಉತ್ತರ ಬರುತ್ತದೆ. ಕೇಳುವುದಕ್ಕಿಂತ ನೋಡುವುದು ವಾಸಿ: ಒಣ ಸೌದೆ ಎಷ್ಟು ಉಳಿದಿದೆ, ಸಿಲಿಂಡರ್ ಬುಕ್ ಆಗಿದೆಯೇ, ಹಂಚು ಎಲ್ಲಿ ಸೋರುತ್ತಿದೆ, ಮಕ್ಕಳ ಬಸ್ ಪಾಸ್ ಆಯಿತೇ. ಎಲ್ಲರೂ ಅಕ್ಕಿಯನ್ನೇ ತರುತ್ತಾರೆ. ಪಡಿತರದ ಅಕ್ಕಿ ಹೇಗೂ ಬರುತ್ತದೆ, ಆಷಾಢದ ಥಂಡಿಗೆ ಮೂಟೆ ಮುಗ್ಗಲು ಹಿಡಿಯುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಕೆಜಿ ತೊಗರಿಬೇಳೆ, ಮೂರು ಲೀಟರ್ ಎಣ್ಣೆ, ಎರಡು ಕೆಜಿ ಸಕ್ಕರೆ, ಅರ್ಧ ಕೆಜಿ ಚಹಾಪುಡಿ, ಸೋಪು ಇಷ್ಟು ಮುಟ್ಟಿದರೆ ಅಂಗಡಿಯ ಸಾಲದ ಪುಸ್ತಕ ಬೆಳೆಯುವುದಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ಕಾಗದಪತ್ರದ್ದು. ಜಪಮಾಲೆ ಹಿಡಿದ ಕೈ ಅರ್ಜಿಯನ್ನೂ ಹಿಡಿಯಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ದಂಡಶುಲ್ಕ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯೇ ತಿಳಿಸುತ್ತದೆ, ಒಂಟಿ ಮನೆಯಲ್ಲಿ ತೀರಿಕೊಂಡರೆ ಅದು ಮನೆಯವರ ಮೇಲೆಯೇ. ಅಲ್ಲಿ ಕ್ರೈಸ್ತರಿಗೆ ಒಂದು ವಿಶೇಷ ತೊಡಕಿದೆ. ದೀಕ್ಷಾಸ್ನಾನದ ದಾಖಲೆಯಲ್ಲಿ ‘ಆಂತೋನಿ ಡಿಸೋಜ’, ಆಧಾರ್‌ನಲ್ಲಿ ‘ಅಂಟೋನಿ ಸೋಜ’, ಪಹಣಿಯಲ್ಲಿ ‘ಅಂತೋನಪ್ಪ’. ಮರಣ ಪತ್ರದಲ್ಲಿ ನಾಲ್ಕನೆಯದೊಂದು ರೂಪ ಸೇರಿಕೊಂಡರೆ ಮುಂದಿನ ಕೆಲಸವೆಲ್ಲ ಅಲ್ಲೇ ನಿಲ್ಲುತ್ತದೆ. ಆಧಾರ್‌ನಲ್ಲಿ ಇರುವಂತೆಯೇ, ಅಕ್ಷರಕ್ಕಕ್ಷರ ಬರೆಸಬೇಕು. ಉಳಿದ ವ್ಯತ್ಯಾಸಕ್ಕೆ ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಬೇಕು. ಮೂಲಪ್ರತಿ ಐದಾರು ತೆಗೆಸುವುದು ಒಳ್ಳೆಯದು, ಪ್ರತಿ ಕಚೇರಿಯೂ ಒಂದನ್ನು ಕೇಳುತ್ತದೆ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ವಿಧವಾ ವೇತನದ ಅರ್ಜಿ, ಜಮೀನಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ.

ಪಾಸ್‌ಬುಕ್ ಬಿಡಿಸಿ ನೋಡುವುದನ್ನಂತೂ ಮರೆಯಬಾರದು. ಮೇ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಹೇಗೆ ಸತ್ತರೂ ನಾಮಿನಿಗೆ ಎರಡು ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ. ಅಪಘಾತದ ಸಾವಿಗೆ ಮತ್ತೆ ಎರಡು ಲಕ್ಷ. ಮರದಿಂದ ಬಿದ್ದದ್ದೂ ಅಪಘಾತವೇ, ಆದರೆ ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆ ಇಲ್ಲದೆ ಮಣ್ಣು ಮಾಡಿಬಿಟ್ಟರೆ ಆ ಹಣ ಕೈಗೆ ಬರುವುದು ಕಷ್ಟ. ಇದನ್ನು ಹೇಳಬೇಕಾದ್ದು ಗುಂಡಿ ತೋಡುವ ಮೊದಲು. ‘ದೇಹ ಕೊಯ್ಯುವುದು ಬೇಡ’ ಎಂದು ಗಟ್ಟಿಯಾಗಿ ಹೇಳುವ ಹಿರಿಯರು ಆ ಮೇಲಿನ ಹತ್ತು ವರ್ಷ ಆ ಮನೆ ನಡೆಸುವವರಲ್ಲ.

ತೋಟವಿರುವ ಮನೆಯಾದರೆ ಮಳೆಗಾಲದ ಸಾವು ಎರಡು ಪೆಟ್ಟು. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಮೊದಲ ಸಲ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40–45 ದಿನಕ್ಕೆ ಹೊಡೆಯಬೇಕು. ಅದೇ ಹೊತ್ತಿಗೆ ಯಜಮಾನ ಹೋದರೆ ಹೊಡೆಸುವವರಿಲ್ಲದೆ ಕೊಳೆ ಬಂದು ಮಿಳ್ಳೆಕಾಯಿ ಉದುರಿ ವರ್ಷದ ಆದಾಯವೇ ಹೋಗುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಅವಸರದಲ್ಲಿ ತಪ್ಪುವುದು ಬೇರೆ ಕಡೆ: ಹಳೆಯ ಸುಣ್ಣ ಹಾಕುತ್ತಾರೆ, ಕಬ್ಬಿಣದ ಡ್ರಮ್ಮಿನಲ್ಲಿ ಕದಡುತ್ತಾರೆ, ಉಳಿದದ್ದನ್ನು ಮರುದಿನಕ್ಕೆ ಇಡುತ್ತಾರೆ. ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಸತ್ತವರ ಮನೆಯ ತೋಟಕ್ಕೆ ಊರವರು ಸೇರಿ ಒಂದು ದಿನ ಕೊಟ್ಟರೆ, ಒಬ್ಬರ ಭಾರವನ್ನು ಒಬ್ಬರು ಹೊರಿರಿ ಎಂದು ಸಂತ ಪೌಲರು ಗಲಾತ್ಯರಿಗೆ ಬರೆದದ್ದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಕಾಯಿಲೆ ಮನೆಯ ಪ್ರಾರ್ಥನೆಯ ಬಗ್ಗೆಯೂ ಹೇಳಲೇಬೇಕು. ಮಂಗನ ಕಾಯಿಲೆ ಬಂದು ಎದ್ದವರಿಗೆ ವಾರಗಟ್ಟಲೆ ನಿತ್ರಾಣವಿರುತ್ತದೆ. ಅಂಥವರ ಮಂಚದ ಸುತ್ತ ಇಪ್ಪತ್ತು ಜನ ಕೂತು ಗಂಟೆಗಟ್ಟಲೆ ಹಾಡುವುದು ಸೇವೆಯಲ್ಲ. ಹತ್ತು ನಿಮಿಷ ಸಾಕು. ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನನ್ನು ಸಂತೈಸಲು ಬಂದ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದಾಗ ಚೆನ್ನಾಗಿಯೇ ಇದ್ದರು, ಬಾಯಿ ತೆರೆದ ಮೇಲೆ ಕೆಟ್ಟರು. ಕ್ಷಯದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ಎರಡನೇ ತಿಂಗಳಿಗೆ ಕೆಮ್ಮು ಇಳಿದು ತೂಕ ಏರಿದಾಗ ‘ಪ್ರಾರ್ಥನೆ ಫಲಿಸಿತು, ಇನ್ನು ಮಾತ್ರೆ ಯಾಕೆ’ ಎನ್ನುವವರು ಸಿಗುತ್ತಾರೆ. ನಿಲ್ಲಿಸಿದರೆ ರೋಗ ಮರಳುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಸಂತ ಯಕೋಬರ ಪತ್ರ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿರಿ ಎನ್ನುತ್ತದೆಯೇ ಹೊರತು ಮಾತ್ರೆ ಬಿಡಿಸಿರಿ ಎನ್ನುವುದಿಲ್ಲ. ದೊಡ್ಡ ಚಿಕಿತ್ಸೆಗೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡುವ ಮುನ್ನ ಬಿಪಿಎಲ್ ಕಾರ್ಡ್, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೈಯಲ್ಲಿರಲಿ. ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ. ತುರ್ತಿದ್ದರೆ ಶಿಫಾರಸಿಗೆ ಕಾಯಬೇಕಿಲ್ಲ.

ಹಣ ಮುಟ್ಟುವವರು ಯಾವಾಗಲೂ ಇಬ್ಬರಿರಬೇಕು. ಚಂದಾ ಹಣ ಒಯ್ಯುವಾಗ ಪೌಲರೂ ಯಾರೂ ಬೆರಳು ತೋರಬಾರದೆಂದು ಜೊತೆಗೆ ಬೇರೆಯವರನ್ನು ಕಳಿಸಿದರು. ಲೆಕ್ಕ ಬಹಿರಂಗ, ಪಡೆದವರ ಹೆಸರು ಗುಟ್ಟು. ದಿನಸಿ ಚೀಲ ಕೊಡುವಾಗ ಫೋಟೊ ಬೇಡ. ಕ್ರೈಸ್ತರಲ್ಲದ ಮನೆಗೂ ಇದೇ ಚೀಲ ಹೋಗಬೇಕು, ಅದರೊಳಗೆ ಮತಪ್ರಚಾರದ ಕರಪತ್ರ ಮಾತ್ರ ಇರಕೂಡದು.

ನಮ್ಮವರಲ್ಲೇ ತೋಟದ ಒಡೆಯರಿದ್ದಾರಲ್ಲ, ಅವರಿಗೊಂದು ಮಾತು. ಹೊತ್ತು ಮುಳುಗುವ ಮೊದಲು ಕೂಲಿ ಕೊಡು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಮಳೆ ಜಡಿದು ಹನ್ನೊಂದಕ್ಕೆ ಕೆಲಸ ನಿಂತ ದಿನ ಅರ್ಧ ಕೂಲಿಯನ್ನಾದರೂ ಕೊಡದೆ, ಭಾನುವಾರ ಕಾಣಿಕೆ ತಟ್ಟೆಗೆ ದೊಡ್ಡ ನೋಟು ಹಾಕುವುದು ಯಾವ ಲೆಕ್ಕ?

ಮೇ ತಿಂಗಳ ಮೂರನೇ ಭಾನುವಾರದ ಪೂಜೆಯ ಕೊನೆಗೆ ಪ್ರತಿ ಗುಡಿಯಲ್ಲೂ ಒಂದು ಪ್ರಕಟಣೆ ಓದಿಸಬಹುದು. ಜೀವನ್ ಜ್ಯೋತಿಗೆ ಸೇರಲು ವಯಸ್ಸು 18ರಿಂದ 50. ಎರಡೂ ವಿಮೆಗೆ ಸೇರಿದವರು 25ನೇ ತಾರೀಖಿನೊಳಗೆ ಖಾತೆಯಲ್ಲಿ 456 ರೂಪಾಯಿ ಉಳಿಸಿಕೊಳ್ಳಲಿ, ನಾಮಿನಿಯ ಹೆಸರು ಸರಿ ಇದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಲಿ.

— ಧರ್ಮಕೇಂದ್ರವೊಂದರ ನೆರವು ತಂಡದವರು, ತೀರ್ಥಹಳ್ಳಿ ತಾಲ್ಲೂಕು